ಬೈಕಿನ ಡಿಸ್ಕ್ ಪ್ಲೇಟ್ ಬದಲಾಯಿಸುವವರು ದಯವಿಟ್ಟು ಇದನ್ನು ಓದಿ

ಇನ್ನೂ ಕೋಪ ಇಳಿದಿಲ್ಲ. ದುಡ್ಡು ಕೊಟ್ಟು ಹೊಸ ಡಿಸ್ಕ್ ಹಾಕಿಸಿ, ಸರಿಯಾಗಿ ಬ್ರೇಕ್ ಹಿಡಿಯದ ಗಾಡಿ ಓಡಿಸಿದ್ದೇನೆ. ಅದೂ ಮಳೆಯಲ್ಲಿ, ಹಿಂದೆ ಮಗಳನ್ನು ಕೂರಿಸಿಕೊಂಡು.

ನನ್ನದು ಟ್ವಿನ್ ಡಿಸ್ಕ್ ಪಲ್ಸರ್ 150, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್. ಮುಂದಿನ ಡಿಸ್ಕ್‌ನ ವ್ಯಾಸ 260 ಮಿ.ಮೀ. ಸಿಂಗಲ್ ಡಿಸ್ಕ್ ಪಲ್ಸರ್ 150ರಲ್ಲಿ ಅದು 240. ಹೆಸರು ಒಂದೇ, ಸಿಸಿ ಒಂದೇ, ಡಿಸ್ಕ್ ಬೇರೆ. ಹಳೇದು ಸವೆದು ಬ್ರೇಕ್ ಹಿಡಿದಾಗ ಲಿವರ್ ಅದುರುತ್ತಿತ್ತು, ಅದಕ್ಕೇ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಒಂದು ಅಂಗಡಿಗೆ ಹೋದೆ. ಟ್ವಿನ್ ಡಿಸ್ಕ್ ಗಾಡಿ ಅಂತ ಬಾಯಿಬಿಟ್ಟು ಹೇಳಿದ್ದೆ, ಗಾಡಿಯೂ ಅವನ ಕಣ್ಣೆದುರೇ ನಿಂತಿತ್ತು. "ಗೊತ್ತು ಸಾರ್, ದಿನಾ ಇದೇ ಕೆಲಸ" ಅಂದ. ಅವನ ಹುಡುಗನೇ ಚಕ್ರ ಬಿಚ್ಚಿ ಹೊಸದನ್ನು ಕೂರಿಸಿ, ಹಳೇದನ್ನು ಗುಜರಿ ರಾಶಿಗೆ ಎಸೆದ. ಬಿಲ್‌ನಲ್ಲಿ "ಡಿಸ್ಕ್ ಪ್ಲೇಟ್, ಪಲ್ಸರ್" ಅಷ್ಟೇ. ಸೈಜ್ ಇಲ್ಲ.

ಬ್ರೇಕ್ ಮೊದಲಿನ ಹಾಗೆ ಹಿಡಿಯುತ್ತಿರಲಿಲ್ಲ. ಫೋನ್ ಮಾಡಿದರೆ "ಹೊಸದು ಸಾರ್, ಪ್ಯಾಡ್ ಹೊಂದಿಕೊಳ್ಳಬೇಕು, ಸ್ವಲ್ಪ ಓಡಿಸಿ" ಅಂದ. ಹೊಸ ಡಿಸ್ಕ್‌ಗೆ ಪ್ಯಾಡ್ (ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡು) ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು ಅನ್ನೋದು ನಿಜ. ಆ ನಿಜವನ್ನೇ ಹಿಡಿದು ನನ್ನನ್ನು ಸಾಗಹಾಕಿದ!

ಕೊನೆಗೆ ನಮ್ಮ ಏರಿಯಾದ ಮೆಕ್ಯಾನಿಕ್ ಬಗ್ಗಿ ನೋಡಿ, "ಅಣ್ಣಾ, ಇಲ್ಲಿ ನೋಡಿ" ಅಂದ. ಪ್ಯಾಡ್‌ನ ಹೊರಭಾಗ ಡಿಸ್ಕ್ ಅಂಚಿನಿಂದ ಆಚೆ ಗಾಳಿಯಲ್ಲಿತ್ತು. ಸ್ಕೇಲ್ ಇಟ್ಟ. 240. ಮೈ ಉರಿದುಹೋಯಿತು.

20 ಮಿ.ಮೀ. ಚಿಕ್ಕದು ಅಂದರೆ ಸುತ್ತಲೂ 10 ಮಿ.ಮೀ. ಕಡಿಮೆ. ಪ್ಯಾಡ್‌ಗಳನ್ನು ಹಿಡಿದಿಟ್ಟು ಒತ್ತುವ ಕ್ಯಾಲಿಪರ್ ಇರೋದು 260ರ ಲೆಕ್ಕಕ್ಕೆ, ಅದು ತನ್ನ ಜಾಗ ಬಿಟ್ಟು ಒಳಗೆ ಬರಲ್ಲ. ಡಿಸ್ಕ್‌ಗೆ ತಾಗುವಷ್ಟು ಭಾಗ ಮಾತ್ರ ಸವೆಯುತ್ತೆ, ಆಚೆ ಚಾಚಿದ ಭಾಗ ದಪ್ಪಕ್ಕೇ ಉಳಿಯುತ್ತೆ. ಹಾಗೇ ಸವೆಯುತ್ತಾ ಹೋದರೆ ಎರಡೂ ಪ್ಯಾಡ್‌ಗಳ ಆ ದಪ್ಪ ಅಂಚುಗಳು ಒಂದಕ್ಕೊಂದು ತಾಗಿ, ಲಿವರ್ ಎಷ್ಟು ಒತ್ತಿದರೂ ಡಿಸ್ಕ್ ಮೇಲೆ ಹಿಡಿತ ಬೀಳಲ್ಲ. ಮುಂದಿನ ಬ್ರೇಕ್ ಸ್ವಾಮಿ ಇದು, ಕನ್ನಡಿ ಅಲ್ಲ, ಇಂಡಿಕೇಟರ್ ಅಲ್ಲ.

ವಾಪಸ್ ಹೋದೆ. ಮೊದಲು "ಪಲ್ಸರ್‌ದೇ ಕೊಟ್ಟಿದ್ದೀನಲ್ಲ ಸಾರ್" ಅಂದ. ಸ್ಕೇಲ್ ಇಟ್ಟು ತೋರಿಸಿದ ಮೇಲೆ "ಬ್ರೇಕ್ ಹಿಡೀತಿದೆ ತಾನೆ? ಬಿದ್ದಿಲ್ಲ ತಾನೆ?" ಅಂದ. ಬಿದ್ದಿಲ್ಲ ತಾನೆ ಅಂತೆ! ನನ್ನ ಹಳೇ ಡಿಸ್ಕ್ ಎಲ್ಲಿ ಅಂದರೆ ಗುಜರಿಗೆ ಹೋಯ್ತು ಅಂದ. ದುಡ್ಡು ಕೊಡು ಅಂದರೆ "ಹಾಕಿದ ಮಾಲು ವಾಪಸ್ ತಗೊಳಲ್ಲ, ಬಿಲ್ ಹಿಂದೆ ಬರೆದಿದೆ ನೋಡಿ". ಅಂಗಡಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು, ತಕರಾರು ಮಾಡೋಕೆ ಬಂದವನು ನಾನೇ ಅನ್ನೋ ಹಾಗೆ. ತಪ್ಪು ಮಾಲು ಹಾಕಿದವನು ಅವನು, ತಲೆ ತಗ್ಗಿಸಿ ಬಂದವನು ನಾನು.

ಸರಿಯಾದ 260ರ ಡಿಸ್ಕ್, ಹೊಸ ಪ್ಯಾಡ್ ಬೇರೆ ಕಡೆ ಹಾಕಿಸಿದೆ. ಎರಡನೇ ಸಲ ದುಡ್ಡು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಬಿಡಲ್ಲ.

ನೀವು ಹೋಗುವಾಗ ಜೇಬಿನಲ್ಲಿ ಒಂದು ಸ್ಟೀಲ್ ಸ್ಕೇಲ್ ಇರಲಿ. ಹಳೇದರ ಮೇಲೆ ಹೊಸದನ್ನಿಟ್ಟು ಅಂಚು, ಬೋಲ್ಟ್ ತೂತು, ದಪ್ಪ ನೋಡಿ. ಬಿಲ್‌ನಲ್ಲಿ ಮಿ.ಮೀ. ಬರೆಸಿ. ಹಳೇ ಡಿಸ್ಕ್ ಕೈಗೆ ತಗೊಳ್ಳದೆ ಅಂಗಡಿ ಬಿಡಬೇಡಿ. "ಎಲ್ಲಾ ಪಲ್ಸರ್‌ಗೂ ಒಂದೇ ಸಾರ್" ಅಂದರೆ ಗಾಡಿ ಸ್ಟಾರ್ಟ್ ಮಾಡಿ ಹೊರಟುಬಿಡಿ.