ಆರು ವರ್ಷ ಬಳಸಿದ ಮೇಲೆ: ಹಳೇ ಅಮೆರಿಕನ್ ಮಾದರಿಯ ಕೆಂಪು ಮಣ್ಣಿನ ತಟ್ಟೆ, ಉಪ್ಪು ಮೆರುಗಿನ ಜಾಡಿ

ನಮ್ಮ ಅಡುಗೆಮನೆ ಕಟ್ಟೆಯ ಮೂಲೆಯಲ್ಲಿ ಬೂದು ಬಣ್ಣದ ಒಂದು ಜಾಡಿ ಇದೆ. ಹೊಟ್ಟೆಯ ಮೇಲೆ ನೀಲಿ ಹಕ್ಕಿ. ಹಕ್ಕಿಯ ಮೇಲೆ ಅದೇ ನೀಲಿಯಲ್ಲಿ ‘1’ ಅಂತ ಬರೆದಿದೆ. ಒಂದು ಗ್ಯಾಲನ್ ಅಂತ ಅರ್ಥ, ಅಂದರೆ ಸುಮಾರು 3.8 ಲೀಟರ್. 1800ರ ಆಚೀಚೆ ಅಮೆರಿಕದ ಮನೆಗಳಲ್ಲಿ ಇಂಥ ಜಾಡಿಗಳಲ್ಲಿ ಹಂದಿ ಮಾಂಸ, ಬೆಣ್ಣೆ, ಸೌತೆಕಾಯಿಗಳನ್ನು ಉಪ್ಪು ಹಾಕಿ ಇಡುತ್ತಿದ್ದರು. ನಮ್ಮದು ಅಷ್ಟು ಹಳೆಯದಲ್ಲ. ಈಗಿನ ಕುಂಬಾರರೊಬ್ಬರು ಅದೇ ರೀತಿ ತಿಗರಿಯ ಮೇಲೆ ಕೈಯಲ್ಲಿ ಎತ್ತಿ, ಅದೇ ರೀತಿ ಉಪ್ಪು ಎರಚಿ ಸುಟ್ಟಿದ್ದು. ಈಗ ಅದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಇದೆ. ಇದು ಆರನೇ ವರ್ಷದ್ದು.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಕ್ಯಾರಿ ಊರಿನಲ್ಲಿ. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಗೆ ಸ್ವಲ್ಪ ಮೇಲೆ ಹೋದರೆ ಸೀಗ್ರೋವ್ ಅನ್ನೋ ಸಣ್ಣ ಊರು. ಊರಿನ ಸುತ್ತಮುತ್ತ ಎಲ್ಲಿ ನೋಡಿದರೂ ಕುಂಬಾರರ ಅಂಗಡಿಗಳು. ಮೊದಲ ಸಲ ಸುಮ್ನೆ ನೋಡಿ ಬರೋಣ ಅಂತ ಹೋದೆವು. ವಾಪಸ್ ಬರುವಾಗ ಕೆಂಪು ಮಣ್ಣಿನ ನಾಲ್ಕು ತಟ್ಟೆ, ಈ ಜಾಡಿ ಎರಡೂ ಕಾರಿನಲ್ಲಿದ್ದವು. ತಟ್ಟೆಗೆ ತಲಾ 48 ಡಾಲರ್, ಜಾಡಿಗೆ 135. ದುಬಾರಿನೇ. ಆದರೆ ಆರು ವರ್ಷದಲ್ಲಿ ಹೆಚ್ಚುಕಡಿಮೆ ದಿನಾ ಕೈಗೆ ಬಂದಿವೆ.

ಕೊಳ್ಳುವ ಮುಂಚೆ ಒಂದು ವಿಷಯ ಗೊತ್ತಿರಬೇಕು. ರೆಡ್‌ವೇರ್ (ನಮ್ಮ ತಟ್ಟೆಗಳು) ಬೇರೆ, ಸ್ಟೋನ್‌ವೇರ್ (ನಮ್ಮ ಜಾಡಿ) ಬೇರೆ. ಅಂಗಡಿಯಲ್ಲಿ ಒಂದೇ ಕಪಾಟಿನಲ್ಲಿ ಇಟ್ಟಿರುತ್ತಾರೆ, ನೋಡಿದವರಿಗೆ ಎರಡೂ ಒಂದೇ ಅನ್ನಿಸುತ್ತದೆ. ಮನೆಗೆ ತಂದ ಮೇಲೆ ಎರಡರ ಸ್ವಭಾವ ಪೂರ್ತಿ ಬೇರೆ.

ರೆಡ್‌ವೇರ್ ಅಂದರೆ ಕಬ್ಬಿಣದ ಅಂಶ ಇರುವ ಕೆಂಪು ಮಣ್ಣು. ಹೆಂಚು, ಇಟ್ಟಿಗೆಗೆ ಆಗುವಂಥದ್ದೇ. ಯುರೋಪಿನಿಂದ ಅಮೆರಿಕಕ್ಕೆ ಬಂದು ನೆಲೆಸಿದವರಿಗೆ ಈ ಮಣ್ಣು ಎಲ್ಲೆಂದರಲ್ಲಿ ಸಿಗುತ್ತಿತ್ತು. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಕಾವು ಸಾಕು. ಅದಕ್ಕೇ ಇಲ್ಲಿ ಮೊದಲು ಹಬ್ಬಿದ್ದು ಇದು. ಆದರೆ ಸುಟ್ಟ ಮೇಲೂ ಮಣ್ಣು ಮೃದುವಾಗಿರುತ್ತದೆ, ನೀರು ಹೀರುತ್ತದೆ. ಸ್ಟೋನ್‌ವೇರ್‌ಗೆ ಬೇರೆ ಮಣ್ಣು ಬೇಕು, 1200ರಿಂದ 1300 ಡಿಗ್ರಿ ಕಾವು ಬೇಕು. ಆ ಮಣ್ಣು ಎಲ್ಲ ಕಡೆ ಸಿಗುವುದಿಲ್ಲ. ನ್ಯೂಜೆರ್ಸಿಯ ಸೌತ್ ಆಂಬಾಯ್ ಸುತ್ತಿನ ಮಣ್ಣು ದೋಣಿಯಲ್ಲಿ ದೂರದೂರಿಗೆ ಹೋಗುತ್ತಿತ್ತು. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ನ್ಯೂಯಾರ್ಕ್ ರಾಜ್ಯದ ಒಳನಾಡಿನ ಊರುಗಳಿಗೂ ಈ ಭಾರದ ಮಣ್ಣನ್ನು ಸಾಗಿಸುವುದು ಸುಲಭವಾಯಿತು.

ಎರಡನ್ನೂ ಬೆರಳ ಗೆಣ್ಣಿನಿಂದ ಬಾರಿಸಿ ನೋಡಿ. ಸಂತೆಯಲ್ಲಿ ನಮ್ಮಜ್ಜಿ ಮಡಿಕೆ ಕೊಳ್ಳುವಾಗ ಬಾರಿಸುತ್ತಿದ್ದರಲ್ಲ, ಹಾಗೆ. ಕೆಂಪು ತಟ್ಟೆ ‘ಟಪ್’ ಅನ್ನುತ್ತದೆ. ಜಾಡಿ ‘ಟಣ್’ ಅಂತ ಗಂಟೆಯ ಹಾಗೆ ಕೂಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ತಟ್ಟೆಗಳ ಮೇಲಿನ ಗೆರೆಗಳು. ಬಿಳಿ ಮಣ್ಣನ್ನು ನೀರಲ್ಲಿ ಮಜ್ಜಿಗೆ ಹದಕ್ಕೆ ಕಲಸಿ ಸಣ್ಣ ಕುಡಿಕೆಗೆ ತುಂಬುತ್ತಾರೆ. ಕುಡಿಕೆಯ ತುದಿಗೆ ಹಕ್ಕಿಗರಿಯ ಕೊಳವೆ ಸಿಕ್ಕಿಸಿರುತ್ತಾರೆ. ಕೆಲವಕ್ಕೆ ಒಂದು, ಕೆಲವಕ್ಕೆ ಮೂರು ನಾಲ್ಕು. ಕುಡಿಕೆ ಬಗ್ಗಿಸಿ ಕೈ ಓಡಿಸಿದರೆ ಮೂರು ಎಳೆ ಒಟ್ಟಿಗೆ ಇಳಿಯುತ್ತವೆ. ಎಳೆ ರಂಗೋಲಿ ನೋಡಿದವರಿಗೆ ಈ ಕೈಚಳಕ ತಕ್ಷಣ ಅರ್ಥವಾಗುತ್ತದೆ. ಅಳುಕಿದರೆ ಗೆರೆ ಗಂಟು ಕಟ್ಟುತ್ತದೆ. ನಮ್ಮ ನಾಲ್ಕನೇ ತಟ್ಟೆಯಲ್ಲಿ ಅಂಥದ್ದೊಂದು ಗಂಟಿದೆ. ದಿನಾ ತೊಳೆಯುವಾಗ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ತಟ್ಟೆಯ ಅಂಚಿಗೆ ಹಲ್ಲಿನ ಚಕ್ರ ಉರುಳಿಸಿ ಗುರುತು ಮಾಡಿದ್ದಾರೆ. ಆ ಚಕ್ರ ನಮ್ಮ ಕರ್ಜಿಕಾಯಿ ಕತ್ತರಿಸುವ ಚಕ್ರದ ಹಾಗೇ ಇದೆ!

ಈ ಮಾದರಿ ಈ ಊರುಗಳಿಗೆ ಹೊಸದಲ್ಲ. 1755ರಲ್ಲಿ ಗಾಟ್‌ಫ್ರೀಡ್ ಆಸ್ಟ್ ಎಂಬ ಕುಂಬಾರರು ನಾರ್ತ್ ಕ್ಯಾರೊಲೈನಾದ ಬೆಥಬಾರಾಕ್ಕೆ ಬಂದರು. ಮೊರೇವಿಯನ್ ಎಂಬ ಕ್ರೈಸ್ತ ಪಂಥದವರು. ಆಮೇಲೆ ಅದೇ ರಾಜ್ಯದ ಸೇಲಂ ಊರಿನಲ್ಲಿ ಕೆಲಸ ಮಾಡಿದರು. ಅವರು, ಅವರ ಶಿಷ್ಯರು ಮಾಡಿದ ಹೂವಿನ ತಟ್ಟೆಗಳನ್ನು ನೋಡಿಯೇ ಇಲ್ಲಿನ ಕೆಲವರು ಈಗಲೂ ಮಾಡುತ್ತಾರೆ. ಆ ಹಳೆಯ ತಟ್ಟೆಗಳಲ್ಲಿ ಬಿಳಿ ಗೆರೆ ಬೆಣ್ಣೆಯ ಹಳದಿಗೆ ತಿರುಗಿರುತ್ತದೆ. ಮೇಲಿನ ಸೀಸದ ಮೆರುಗು, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಕೊಡುವ ಬಣ್ಣ ಅದು.

ಸೀಸದ ಮಾತು ಬಂದಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹುಳಿ ತಾಗಿದರೆ ಸೀಸ ಊಟಕ್ಕೆ ಇಳಿಯುತ್ತದೆ. ನಮ್ಮ ಅಡುಗೆಯಲ್ಲಿ ಹುಣಸೆ, ಮೊಸರು, ನಿಂಬೆ ಇಲ್ಲದ ದಿನ ಯಾವುದು ಹೇಳಿ? ಈಗ ಊಟಕ್ಕೆ ಅಂತ ಮಾಡುವವರು ಸೀಸ ಇಲ್ಲದ ಮೆರುಗು ಬಳಸುತ್ತಾರೆ. ಆದರೆ ಗೋಡೆಗೆ ತೂಗುಹಾಕಲು ಮಾಡಿದ ತಟ್ಟೆಗಳೂ ಮಾರುಕಟ್ಟೆಯಲ್ಲಿವೆ. ಸೀಸ ಬಿಡುವಂಥ ಅಲಂಕಾರದ ಪಾತ್ರೆಯ ಮೇಲೆ ಅಳಿಸದ ಹಾಗೆ ಎಚ್ಚರಿಕೆ ಬರೆದಿರಬೇಕು, ಇಲ್ಲವೇ ಊಟಕ್ಕೆ ಬಳಸಲಾಗದ ಹಾಗೆ ತೂತು ಕೊರೆದಿರಬೇಕು ಅಂತ ಇಲ್ಲಿನ ಎಫ್‌ಡಿಎ (ಆಹಾರ ಮತ್ತು ಔಷಧಗಳ ಸರ್ಕಾರಿ ನಿಯಂತ್ರಣ ಸಂಸ್ಥೆ) ನಿಯಮ ಇದೆ. ನಾನು ಒಮ್ಮೆ ಆನ್‌ಲೈನಲ್ಲಿ ಊಟದ ತಟ್ಟೆ ಅಂತ ತರಿಸಿದ್ದು ಬಂದಾಗ, ಹಿಂದೆ ಆಹಾರಕ್ಕಲ್ಲ ಅಂತ ಮುದ್ರೆ ಇತ್ತು. ಅವತ್ತೇ ವಾಪಸ್ ಕಳಿಸಿದೆ. ಅಂದಿನಿಂದ ಕೊಳ್ಳುವ ಮುಂಚೆ ಬರವಣಿಗೆಯಲ್ಲೇ ಕೇಳುತ್ತೇನೆ: ಮೆರುಗಿನಲ್ಲಿ ಸೀಸ ಇದೆಯಾ, ಹುಳಿ ಪದಾರ್ಥ ಇಡಬಹುದಾ? ಒಳ್ಳೆ ಕುಂಬಾರರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಗುವ ನಿಜವಾದ ಹಳೇ ರೆಡ್‌ವೇರಿನಲ್ಲಿ ಮಾತ್ರ ದಯವಿಟ್ಟು ಊಟ ಮಾಡಬೇಡಿ.

ಆರು ವರ್ಷದಲ್ಲಿ ತಟ್ಟೆಗಳ ಸ್ಥಿತಿ ಹೇಗಿದೆ? ನಾಲ್ಕರಲ್ಲಿ ಮೂರು ಉಳಿದಿವೆ. ಒಂದು ನನ್ನ ತಪ್ಪಿನಿಂದ ಹೋಯಿತು. ಹಿಂದಿನ ರಾತ್ರಿಯ ಆಪಲ್ ಪೈ ಇತ್ತು, ಫ್ರಿಜ್ಜಿನಿಂದ ತೆಗೆದು ನೇರ ಬಿಸಿ ಅವನ್‌ಗೆ ಇಟ್ಟೆ. ಎರಡೇ ನಿಮಿಷ, ‘ಟಿಕ್’ ಅಂತ ಸದ್ದು. ಅಂಚಿನಿಂದ ನಡುವಿನವರೆಗೆ ಸೀಳು. ತಣ್ಣಗಿರುವ ಅವನ್‌ನಲ್ಲಿ ಇಟ್ಟು ಆಮೇಲೆ ಹೊತ್ತಿಸಬೇಕು ಅಂತ ಕುಂಬಾರರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಹಾಗೆ ಮಾಡಿದಾಗೆಲ್ಲ ಏನೂ ಆಗಿಲ್ಲ. ಉಳಿದ ತಟ್ಟೆಗಳ ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬಂದಿವೆ. ಸಾಂಬಾರಿನ ಅರಿಶಿನ ಅದರೊಳಗೆ ಇಳಿದು ತೆಳ್ಳಗೆ ಹಳದಿ ಬಲೆ ಮೂಡಿದೆ. ಬಿಸಿಲಿಗೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ನನಗೆ ಚಂದವೇ ಅನ್ನಿಸುತ್ತದೆ, ಆದರೆ ಬಿರುಕು ಬಂದ ಮೇಲೆ ಸಾರು, ಸಾಂಬಾರು ಬಡಿಸುವುದು ನಿಲ್ಲಿಸಿದೆ. ಈಗ ರೊಟ್ಟಿ, ಚಪಾತಿ, ಹಣ್ಣು, ಒಣ ತಿಂಡಿಗೆ ಮಾತ್ರ. ನೀರಲ್ಲಿ ನೆನೆಹಾಕಬೇಡಿ. ಡಿಶ್‌ವಾಷರ್, ಮೈಕ್ರೋವೇವ್ ಎರಡೂ ಬೇಡ. ತಳಕ್ಕೆ ಮೆರುಗು ಇಲ್ಲದ ಕಾರಣ ಒದ್ದೆ ತಟ್ಟೆ ಮರದ ಟೇಬಲ್ ಮೇಲಿಟ್ಟರೆ ಉಂಗುರದ ಕಲೆ ಬೀಳುತ್ತದೆ.

ಜಾಡಿಯ ಕಥೆ ಬೇರೆ. ಪಾತ್ರೆ ಸುಡುವ ಗೂಡು, ಅಂದರೆ ಆವಿಗೆ, ಪೂರ್ತಿ ಕಾದಾಗ ಮೇಲಿನ ಕಂಡಿಗಳಿಂದ ಉಪ್ಪು ಎರಚುತ್ತಾರೆ. ಅಡುಗೆ ಉಪ್ಪೇ. ಅದು ಆವಿಯಾಗಿ, ಅದರ ಸೋಡಿಯಂ ಮಣ್ಣಿನಲ್ಲಿರುವ ಸಿಲಿಕಾ ಜೊತೆ ಸೇರಿ ಪಾತ್ರೆಯ ಮೈಮೇಲೆ ಗಾಜಾಗುತ್ತದೆ. ಮುಟ್ಟಿದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಉಬ್ಬುತಗ್ಗು. ನೀಲಿ ಹಕ್ಕಿ ಕೋಬಾಲ್ಟ್ ಲೋಹದ ಬಣ್ಣದ್ದು. ಅಷ್ಟು ಕಾವಿಗೂ ಆ ಬಣ್ಣ ಸುಟ್ಟು ಹೋಗುವುದಿಲ್ಲ. ಒಂದರ ಮೇಲೊಂದು ಪೇರಿಸಿದಾಗ ಉಪ್ಪಿನ ಆವಿ ಜಾಡಿಯ ಒಳಗೆ ಸರಿಯಾಗಿ ಹೋಗುವುದಿಲ್ಲ. ಅದಕ್ಕೆ ಹಿಂದಿನವರು ಒಳಗಡೆ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಹತ್ತಿರದ ಕಂದು ಮಣ್ಣಿನ ತಿಳಿ ಬಳಿಯುತ್ತಿದ್ದರು. ಆ ಮಣ್ಣು ತಾನೇ ಕರಗಿ ಗಾಜಾಗುವಂಥದ್ದು. ಅದನ್ನು ಅಗೆಯುವುದು 1980ರ ದಶಕದಲ್ಲಿ ನಿಂತಿತು. ನಮ್ಮ ಜಾಡಿಯ ಒಳಗಿನ ಕಂದು ಬಣ್ಣ ಅದಕ್ಕೆ ಬದಲಿ ಮಣ್ಣಿನದು.

ಮೊದಲ ವರ್ಷ ಊರಿಂದ ಅಮ್ಮ ಬಂದಿದ್ದರು. ಜಾಡಿ ಎತ್ತಿ ಮೂಸಿ ನೋಡಿದರು, ಒಳಗೆ ಕೈ ಹಾಕಿ ತಡವಿದರು. “ಇದು ನಮ್ಮ ಉಪ್ಪಿನಕಾಯಿ ಜಾಡಿ ಥರಾನೇ ಇದೆಯಲ್ಲೇ. ಬಿಸಿಲಿಗಿಟ್ಟು ಒಣಗಿಸಿದೀಯಾ? ತೇವ ಇರಬಾರದು ನೋಡು” ಅಂದರು. ಎರಡು ದಿನ ಡೆಕ್ಕಿನ ಮೇಲೆ ಬಿಸಿಲಿಗಿಟ್ಟೆವು. ಇಂಡಿಯನ್ ಅಂಗಡಿಯ ಮಾವಿನಕಾಯಿ ಹೆಚ್ಚಿ, ಉಪ್ಪು ಬೆರೆಸಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದರು. ಇದರ ಮುಚ್ಚಳ ಸುಮ್ನೆ ಕೂರುತ್ತದೆ ಅಷ್ಟೆ, ಬಿಗಿ ಇಲ್ಲ. ಹಾಗಾಗಿ ಬಟ್ಟೆ ಬೇಕೇ ಬೇಕು. ಆ ವರ್ಷದ ಉಪ್ಪಿನಕಾಯಿ ಮುಂದಿನ ಮಾವಿನಕಾಯಿ ಬರುವವರೆಗೆ ಕೆಡಲಿಲ್ಲ. ತೊಳೆದು ಒಣಗಿಸಿದರೆ ಸಾಸಿವೆ, ಇಂಗಿನ ವಾಸನೆ ಕೂಡ ಉಳಿಯುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇದು ಸಾಧ್ಯವೇ ಇರಲಿಲ್ಲ.

ಎಲ್ಲ ಸ್ಟೋನ್‌ವೇರ್ ಹೀಗಿರುತ್ತದೆ ಅಂದುಕೊಳ್ಳಬೇಡಿ. ಬೇರೆ ಕಡೆಯಿಂದ ತರಿಸಿದ ಸಣ್ಣ ಜಾಡಿಯಲ್ಲಿ ನಿಂಬೆಕಾಯಿಗೆ ಉಪ್ಪು ಹಾಕಿಟ್ಟಿದ್ದೆ. ಮೂರನೇ ದಿನ ತಳದ ಸುತ್ತ ಹೊರಗಡೆ ಬಿಳಿ ಉಪ್ಪು ಹೂವಿನ ಹಾಗೆ ಅರಳಿತ್ತು. ಮಣ್ಣು ಸರಿಯಾಗಿ ಬೆಂದಿರಲಿಲ್ಲ. ಮಾರಿದವರು ಅರ್ಧ ಹಣ ಮಾತ್ರ ವಾಪಸ್ ಕೊಟ್ಟರು, ಅದು ನನಗೆ ಈಗಲೂ ಬೇಸರ. ಈಗ ಯಾವ ಜಾಡಿ ತಂದರೂ ಮೊದಲು ನೀರು ತುಂಬಿ ಪೇಪರ್ ಮೇಲೆ ಒಂದು ರಾತ್ರಿ ಇಡುತ್ತೇನೆ. ಬೆಳಿಗ್ಗೆ ಪೇಪರ್ ಒದ್ದೆಯಾಗಿದ್ದರೆ ಅದು ಹೂದಾನಿಗೂ ಆಗುವುದಿಲ್ಲ.

ಈ ಜಾಡಿ ತಂದ ಮೇಲೆ ಹಳೆಯವನ್ನು ಹುಡುಕಿಕೊಂಡು ಹೋಗಿ ನೋಡುವ ಅಭ್ಯಾಸ ಬಂತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರ ಬಳಿ ಕುಂಬಾರ ಡೇವಿಡ್ ಡ್ರೇಕ್ ಅವರ 1858ರ ಜಾಡಿ ಇದೆ. ಸೌತ್ ಕ್ಯಾರೊಲೈನಾದ ಎಡ್ಜ್‌ಫೀಲ್ಡಿನಲ್ಲಿ ಗುಲಾಮರಾಗಿ ದುಡಿದವರು ಅವರು. ಗುಲಾಮರಿಗೆ ಅಕ್ಷರ ಕಲಿಸುವುದನ್ನು ಆ ರಾಜ್ಯ 1834ರ ಕಾನೂನಿನಲ್ಲಿ ನಿಷೇಧಿಸಿತ್ತು. ಅಂಥ ಕಡೆ ಅವರು ಹಸಿ ಮಣ್ಣಿನ ಮೇಲೆ ತಮ್ಮ ಹೆಸರು, ತಾರೀಕು, ಪದ್ಯ ಕೊರೆದರು. ಅಲ್ಲಿನ ಮೆರುಗು ಉಪ್ಪಿನದಲ್ಲ, ಬೂದಿ ಮತ್ತು ಮಣ್ಣಿನದು. ಹಸಿರು ಕಂದು, ನೀರು ಇಳಿದ ಹಾಗೆ ಗೆರೆಗೆರೆ. ಆ ಮಾದರಿಯ ಜಾಡಿಗಳನ್ನೂ ಈಗ ಮಾಡುತ್ತಾರೆ. ಕೊಳ್ಳುವವರು ಅವರ ಹೆಸರು ತಿಳಿದು ಕೊಳ್ಳಲಿ ಅಂತ ನನ್ನ ಆಸೆ.

ಇನ್ನೊಂದು ವಿಷಯ, ಪಾತ್ರೆ ತಿರುಗಿಸಿ ತಳ ನೋಡಿ. ನಮ್ಮ ಜಾಡಿಯ ತಳದಲ್ಲಿ ಕುಂಬಾರರ ಮುದ್ರೆ, ಮಾಡಿದ ಇಸವಿ ಎರಡೂ ಇವೆ. ಮುಂದೆ ಯಾರೂ ಇದನ್ನು ಹಳೆಯದು ಅಂತ ಮಾರಬಾರದು ಅಂತ ಅವರೇ ಹಾಕಿದ್ದು. ಮುದ್ರೆ ಇಲ್ಲದ್ದನ್ನು ನಾನು ಕೊಳ್ಳುವುದಿಲ್ಲ.

ತಟ್ಟೆಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ, ಜಾಡಿಗೆ ಐದಕ್ಕೆ ಐದು. ಎರಡು ಗ್ಯಾಲನ್ನಿನ ಇನ್ನೊಂದಕ್ಕೆ ಹೇಳಿಟ್ಟಿದ್ದೇನೆ. ಆ ಕುಂಬಾರರು ಸೌದೆ ಆವಿಗೆ ಹಚ್ಚುವುದು ವರ್ಷಕ್ಕೆ ಮೂರೇ ಸಲ, ಮುಂದಿನದು ಏಪ್ರಿಲ್‌ನಲ್ಲಿ. ಮಾವಿನಕಾಯಿ ಬರುವಷ್ಟರಲ್ಲಿ ಕೈಗೆ ಸಿಕ್ಕರೆ ಸಾಕು.