ರೆಸ್ಯೂಮೆ ಬರೆದುಕೊಡುವ ಸೇವೆ: 2,500 ರೂಪಾಯಿಗೆ ಸಿಕ್ಕಿದ್ದೇನು?

ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ 2015ರಿಂದ ದುಡಿಯುತ್ತಿರುವ ನಾನು ಕೆಲಸ ಬದಲಾಯಿಸಲು ಹೊರಟಾಗ ಕೈಯಲ್ಲಿದ್ದದ್ದು, ಬಿ.ಕಾಂ. ಮುಗಿಸಿದ ವರ್ಷ ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದ ಬಯೋಡೇಟಾ ಮಾತ್ರ. ಅದರಲ್ಲಿ ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ಹವ್ಯಾಸಗಳು, ಕೊನೆಯಲ್ಲಿ ಮೇಲ್ಕಂಡ ವಿವರಗಳೆಲ್ಲ ಸತ್ಯವೆಂಬ ಘೋಷಣೆ, ಸಹಿಗೆ ಬಿಟ್ಟ ಜಾಗ ಎಲ್ಲವೂ ಇದ್ದವು. ವಧೂವರರ ಕೇಂದ್ರಕ್ಕೆ ಕೊಟ್ಟಿದ್ದರೂ ನಡೆಯುತ್ತಿತ್ತು. ಆದ್ದರಿಂದ ಅಂತರ್ಜಾಲದಲ್ಲಿ ರೆಸ್ಯೂಮೆ ಬರೆದುಕೊಡುವ ಸಂಸ್ಥೆಯೊಂದಕ್ಕೆ 2,500 ರೂಪಾಯಿ ಕಟ್ಟಿದೆ. ಕವರ್ ಲೆಟರ್ ಕೂಡ ಅದರಲ್ಲಿ ಸೇರಿತ್ತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲು ಒಳ್ಳೆಯದನ್ನು ಹೇಳಬೇಕು. ಧರ್ಮ, ಮದುವೆ, ಘೋಷಣೆಗಳೆಲ್ಲ ಮೊದಲ ಕರಡಿನಲ್ಲೇ ಹೋಗಿದ್ದವು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳ ದೊಡ್ಡ ಕೋಷ್ಟಕ ಒಂದು ಸಾಲಿಗೆ ಇಳಿದು ಎರಡನೆಯ ಪುಟದ ತಳಕ್ಕೆ ಸೇರಿತ್ತು. ಈಗಿನ ಕೆಲಸ ಮೇಲೆ, ಹಳೆಯದು ಕೆಳಗೆ ಎಂಬ ಕ್ರಮವೂ ಸರಿಯಾಗಿತ್ತು. ನಾಲ್ಕು ದಿನದಲ್ಲಿ ಕೊಡುತ್ತೇವೆ ಎಂದವರು ನಾಲ್ಕನೆಯ ದಿನ ಬೆಳಿಗ್ಗೆಯೇ ಕಳುಹಿಸಿದರು.

ತೊಂದರೆ ಇದ್ದದ್ದು ಒಳಗಿನ ಬರವಣಿಗೆಯಲ್ಲಿ. ನನ್ನನ್ನು ಯಾರೂ ಮಾತನಾಡಿಸಲಿಲ್ಲ. ಒಂದು ಫಾರಂ ತುಂಬಿಸಿಕೊಂಡು, ಅದರಿಂದಲೇ 'ಡೈನಾಮಿಕ್', 'ರಿಸಲ್ಟ್ ಓರಿಯೆಂಟೆಡ್', 'ಟೀಮ್ ಪ್ಲೇಯರ್' ಎಂಬ ವಿಶೇಷಣಗಳನ್ನು ಹೊಸೆದು ನಾಲ್ಕು ಸಾಲಿನ ಪರಿಚಯ ಬರೆದಿದ್ದರು. ಹೆಸರು ಬದಲಿಸಿದರೆ ಅದನ್ನು ನಮ್ಮ ಉಗ್ರಾಣದ ಮೇಲ್ವಿಚಾರಕರಿಗೂ ಕೊಡಬಹುದಿತ್ತು. ಜಿಎಸ್‌ಟಿ ಬಗ್ಗೆ ಇದ್ದದ್ದು 'ಜಿಎಸ್‌ಟಿ ಜ್ಞಾನವಿದೆ' ಎಂಬರ್ಥದ ಒಂದೇ ಸಾಲು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಕಾರ್ಖಾನೆಯ ವ್ಯಾಟ್ (ಹಳೆಯ ಮಾರಾಟ ತೆರಿಗೆ) ಲೆಕ್ಕಗಳನ್ನೆಲ್ಲ ಹೊಸ ಪದ್ಧತಿಗೆ ಹೊಂದಿಸಿದವರು ನಾವು ಇಬ್ಬರೇ. ಹಳೆಯ ತೆರಿಗೆಯಲ್ಲಿ ಉಳಿದಿದ್ದ ಕ್ರೆಡಿಟ್ ಕೈತಪ್ಪದಂತೆ ಟ್ರಾನ್-1 ನಮೂನೆ ತುಂಬಲು ರಾತ್ರಿ ಹತ್ತರವರೆಗೆ ಕುಳಿತದ್ದೂ ಉಂಟು. ಫಾರಂನಲ್ಲಿ ಅದನ್ನು ಬರೆಯುವ ಜಾಗವಿರಲಿಲ್ಲ, ಕೇಳಿದವರೂ ಇಲ್ಲ. ಕೊನೆಗೆ ಆ ಸಾಲನ್ನು ನಾನೇ ತಿದ್ದಿದೆ: ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ಸಲ್ಲಿಕೆ, 2ಬಿ ಜೊತೆ ಖರೀದಿ ಬಿಲ್ಲುಗಳ ತಾಳೆ, ಮೂರು ವರ್ಷಗಳಿಂದ ತಡಶುಲ್ಕ ಕಟ್ಟಿದ್ದಿಲ್ಲ. (ಜಿಎಸ್‌ಟಿಆರ್-1 ಎಂದರೆ ಮಾರಾಟದ ವಿವರ, 3ಬಿ ಎಂದರೆ ತೆರಿಗೆ ಕಟ್ಟುವ ತಿಂಗಳ ಲೆಕ್ಕ, 2ಬಿ ಎಂದರೆ ಮಾರಿದವರು ಕೊಟ್ಟ ಲೆಕ್ಕದಿಂದ ಸಿದ್ಧವಾಗುವ ನಮ್ಮ ಖರೀದಿಯ ಪಟ್ಟಿ.) ಈ ಸಾಲು ಓದಿದ ಯಾವ ಅಕೌಂಟ್ಸ್ ಮ್ಯಾನೇಜರಿಗೂ ನಾನು ಏನು ಮಾಡಬಲ್ಲೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿನ್ಯಾಸ ನೋಡಲು ಚೆನ್ನಾಗಿತ್ತು. ಆದರೆ ಎಡಕ್ಕೆ ನೀಲಿ ಪಟ್ಟಿ, ಅದರೊಳಗೆ ನನ್ನ ಫೋಟೊ, ಕೌಶಲಗಳಿಗೆ ಅಳತೆಪಟ್ಟಿಯಂಥ ಗೆರೆಗಳು. ಟ್ಯಾಲಿ ಶೇ. 90, ಎಕ್ಸೆಲ್ ಶೇ. 80 ಎಂದು ತೋರಿಸಿದ್ದರು. ಈ ಶೇಕಡಾವನ್ನು ಯಾರು, ಯಾವ ತಕ್ಕಡಿಯಲ್ಲಿ ತೂಗಿದರೋ! ನಿಜವಾದ ಪೆಟ್ಟು ಬಿದ್ದದ್ದು ಕಂಪನಿಯೊಂದರ ಅರ್ಜಿ ಪುಟದಲ್ಲಿ ಅದನ್ನು ಅಪ್‌ಲೋಡ್ ಮಾಡಿದಾಗ. ಇಂಥ ಪುಟಗಳ ಹಿಂದಿರುವ ತಂತ್ರಾಂಶ ಕಡತದಿಂದ ಪಠ್ಯವನ್ನು ಹೆಕ್ಕಿ ತನ್ನ ಚೌಕಗಳಿಗೆ ತಾನೇ ತುಂಬುತ್ತದೆ, ಎರಡು ಅಂಕಣಗಳಿದ್ದರೆ ಹಲವು ಬಾರಿ ಎಡದ ಸಾಲನ್ನೂ ಬಲದ ಸಾಲನ್ನೂ ಕಲಸಿ ಓದುತ್ತದೆ. ನನ್ನ ವಿಷಯದಲ್ಲಿ ಆದದ್ದೂ ಅದೇ: ಉದ್ಯೋಗದಾತರ ಹೆಸರಿನ ಚೌಕದಲ್ಲಿ 'ಕನ್ನಡ, ಇಂಗ್ಲಿಷ್, ಹಿಂದಿ' ಎಂದು ಬಂದಿತ್ತು, ಕೌಶಲದ ಗೆರೆಗಳು ಬಂದೇ ಇರಲಿಲ್ಲ. ಒಂದೇ ಅಂಕಣದ ಸರಳ ಪ್ರತಿ ಕೊಡಿ ಎಂದು ಕೇಳಿದರೆ ಅದಕ್ಕೆ ಬೇರೆ 500 ರೂಪಾಯಿ ಎಂದರು. ನಾನು ವರ್ಡ್‌ನಲ್ಲಿ ಅರ್ಧ ದಿನ ಕುಳಿತು ಅದನ್ನು ಮಾಡಿಕೊಂಡೆ.

ಕವರ್ ಲೆಟರ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ರೆಸ್ಯೂಮೆಯಲ್ಲಿದ್ದುದನ್ನೇ ವಾಕ್ಯಗಳಾಗಿ ಮಾಡಿ, ಕಂಪನಿಯ ಹೆಸರಿನ ಜಾಗದಲ್ಲಿ ಚೌಕ ಕಂಸ ಬಿಟ್ಟಿದ್ದರು. ಅದನ್ನು ತೆಗೆದುಹಾಕಿ, ಇಮೇಲ್ ಒಡಲಿನಲ್ಲೇ ಹತ್ತು ಸಾಲು ಬರೆದೆ: ಯಾವ ಹುದ್ದೆಗೆ, ಜಾಹೀರಾತನ್ನು ಎಲ್ಲಿ ನೋಡಿದೆ, ಅವರ ಹೊಸ ಘಟಕಕ್ಕೆ ವ್ಯಾಟಿನಿಂದ ಜಿಎಸ್‌ಟಿಗೆ ಬಂದ ನನ್ನ ಅನುಭವ ಹೇಗೆ ಒದಗುತ್ತದೆ, ನೋಟಿಸ್ ಪೀರಿಯಡ್ ಎಷ್ಟು. ಬೆಂಗಳೂರಿನಲ್ಲಿ ನೇಮಕಾತಿಯವರು ಫೋನ್ ಮಾಡಿದರೆ ಸಂಬಳಕ್ಕಿಂತ ಮುಂಚೆ ಕೇಳುವುದು ಈ ಕೊನೆಯದನ್ನೇ. ಸಂಸ್ಥೆಯವರ ಪತ್ರದಲ್ಲಿ ಅದೊಂದೇ ಇರಲಿಲ್ಲ.

ಹಾಗೆಂದು ಹಣ ಪೂರ್ತಿ ನೀರಿಗೆ ಹೋಯಿತು ಎನ್ನಲಾರೆ. ಏನನ್ನು ಬಿಡಬೇಕು ಎಂಬುದು ಅವರ ಕರಡು ನೋಡಿದ ಮೇಲೆಯೇ ನನಗೆ ತಿಳಿದದ್ದು, ಹೊಸದಾಗಿ ಪದವಿ ಮುಗಿಸಿದವರಿಗೆ ಅಷ್ಟೂ ಉಪಯೋಗವೇ. ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಕೊಳ್ಳುವುದಾದರೆ ಕವರ್ ಲೆಟರ್ ಇಲ್ಲದ 1,500 ರೂಪಾಯಿಯ ಸೇವೆಯನ್ನು ಕೊಳ್ಳಿ, ಬರೆಯುವವರ ಜೊತೆ ಫೋನಿನಲ್ಲಿ ಮಾತನಾಡಲು ಸಿಗುತ್ತದೆಯೇ ಎಂದು ಹಣ ಕಟ್ಟುವ ಮುನ್ನವೇ ಕೇಳಿ, ವರ್ಡ್ ಕಡತವನ್ನೂ ಪಡೆದುಕೊಳ್ಳಿ. ತಿದ್ದುಪಡಿಗೆ ಅವರು ಕೊಡುವ ಏಳು ದಿನಗಳ ಗಡುವು ಕರಡು ಕಳುಹಿಸಿದ ದಿನದಿಂದಲೇ ಶುರುವಾಗುತ್ತದೆ. ನಾನು ಎಂಟನೆಯ ದಿನ ಬರೆದು ಆ ಅವಕಾಶವನ್ನು ಕಳೆದುಕೊಂಡೆ.