ಶಾಲೆ ಗೇಟಿನ ನೋ ಪಾರ್ಕಿಂಗ್: ಉದ್ದೇಶ ಸರಿ, ಜಾಗ ತಪ್ಪು

ಧಾರವಾಡದ ಸಪ್ತಾಪುರದ ಒಳರಸ್ತೆಯಲ್ಲಿ ಶಾಲೆಯೊಂದರ ಮುಂದಿರುವ ನೋ ಪಾರ್ಕಿಂಗ್ ವ್ಯವಸ್ಥೆಗೆ ಐದಕ್ಕೆ ಮೂರು ಅಂಕ.

ಗೇಟಿನ ಎದುರು ಜಾಗ ಖಾಲಿ ಇರುತ್ತದೆ, ಅದು ಒಳ್ಳೆಯದೇ. ಆದರೆ ಮಕ್ಕಳು ರಸ್ತೆ ದಾಟುವುದು ಹತ್ತು ಹೆಜ್ಜೆ ಆಚೆ, ಝೆರಾಕ್ಸ್ ಅಂಗಡಿ ಮುಂದೆ. ಅಲ್ಲಿ ಟಂಟಂ, ಓಮ್ನಿಗಳ ಸಾಲು. ಒಂದನೇ ತರಗತಿ ಮಗುವಿನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ಎರಡು ಗಾಡಿಗಳ ಸಂದಿಯಿಂದ ಇಣುಕುವಷ್ಟರಲ್ಲಿ ಪಾದ ಆಗಲೇ ರಸ್ತೆಗೆ ಬಿದ್ದಿರುತ್ತದೆ, ಬೆನ್ನ ಚೀಲ ಕನ್ನಡಿಗೆ ತಾಗುತ್ತಿರುತ್ತದೆ.

40 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಚಾಲಕ ಕಂಡು, ಬ್ರೇಕ್ ಒತ್ತಿ, ನಿಲ್ಲಲು ಸುಮಾರು 20 ಮೀಟರ್ ಬೇಕು. ವೇಗ 20 ಇದ್ದರೆ 8 ಮೀಟರ್ ಸಾಕು. ನಮ್ಮಲ್ಲಿ ಎಡಗಡೆ ಸಂಚಾರ, ಹಾಗಾಗಿ ದಾಟಲು ನಿಂತ ಮಗುವಿನ ಬಲಗಡೆಯ 20 ಮೀಟರನ್ನೇ ಮೊದಲು ತೆರವು ಮಾಡಬೇಕು. ಎದುರು ಬದಿಯಲ್ಲೂ ಹಾಗೆಯೇ, ಅಲ್ಲಿಂದ ದಾಟುವ ಮಕ್ಕಳಿಗಾಗಿ.

ಪ್ಲಾಸ್ಟಿಕ್ ಕೋನ್‌ಗಳನ್ನು ಯಾರು ಬೇಕಾದರೂ ಕಾಲಲ್ಲಿ ಸರಿಸುತ್ತಾರೆ. 1.2 ಮೀಟರ್ ಅಂತರದಲ್ಲಿ ಗಟ್ಟಿ ಕಂಬ ನೆಟ್ಟರೆ ಕಾರು ನುಗ್ಗದು, ಗಾಲಿಕುರ್ಚಿ ಸಲೀಸಾಗಿ ದಾಟುತ್ತದೆ. ಬೈಕು ಮಾತ್ರ ನುಸುಳುತ್ತದೆ. ಅದಕ್ಕೆ ಶಾಲೆ ಬಿಡುವ ಅರ್ಧ ಗಂಟೆ ಒಬ್ಬರು ನಿಲ್ಲಲೇಬೇಕು.

ಇನ್ನೊಂದು: ರಸ್ತೆ ಖಾಲಿಯಾದರೆ ಗಾಡಿಗಳ ವೇಗ ಏರುತ್ತದೆ. ಹಂಪ್ ಇಲ್ಲದೆ ಬರೀ ನೋ ಪಾರ್ಕಿಂಗ್ ಫಲಕ ಹಾಕಿರುವುದೇ ಇಲ್ಲಿನ ದೊಡ್ಡ ಕೊರತೆ.